ಡಿಜಿ ರೂಮಿನ ಗಾಳಿ ಲೆಕ್ಕ

ಧಾರೆ ಮುಹೂರ್ತದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಇವತ್ತಿನ ಮಂಡ್ಯ ಜಿಲ್ಲೆಯಲ್ಲಿರುವ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿವರೆಗೆ ಕರೆಂಟ್ ಕಳಿಸಿದ ಸೀಮೆ ಇದು. ಆದರೂ ಇಲ್ಲಿ ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಅಪಾರ್ಟ್‌ಮೆಂಟು ಯಾವುದೇ ಇರಲಿ, ಹಿತ್ತಲಲ್ಲಿ ಒಂದು ಡೀಸೆಲ್ ಜನರೇಟರ್ (ಡಿಜಿ) ಕೂತೇ ಇರುತ್ತದೆ.

ಮೈಸೂರಿನ ಹೊರವಲಯದ ಒಂದು ಕಲ್ಯಾಣ ಮಂಟಪದಿಂದ ನನಗೆ ಕರೆ ಬಂದಾಗ ಅವರ 125 ಕೆವಿಎ ಜನರೇಟರ್ ಒಂದೇ ಮದುವೆ ಸೀಸನ್ನಿನಲ್ಲಿ ನಾಲ್ಕು ಸಲ ಕೈಕೊಟ್ಟಿತ್ತು. ಕರೆಂಟ್ ಹೋದರೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು, ಮುಕ್ಕಾಲು ಗಂಟೆ ಓಡುತ್ತಿತ್ತು, ಆಮೇಲೆ ನೀರು ಬಿಸಿಯಾಯಿತೆಂದು ಕೆಂಪು ದೀಪ ತೋರಿಸಿ ನಿಲ್ಲುತ್ತಿತ್ತು. ಥರ್ಮೋಸ್ಟಾಟ್ ಬದಲಾಯಿಸಿದ್ದರು, ಕೂಲೆಂಟ್ ಬದಲಾಯಿಸಿದ್ದರು, ರೇಡಿಯೇಟರ್ ಬಿಚ್ಚಿ ತೊಳೆಸಿದ್ದರು. ತಿಂಗಳಿಗೊಮ್ಮೆ ಹತ್ತು ನಿಮಿಷ ಟೆಸ್ಟ್ ಓಡಿಸಿದರೆ ಒಂದು ದೂರೂ ಇಲ್ಲ. ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿದರೆ ಯಾವ ಇಂಜಿನ್ನೂ ದೂರು ಹೇಳುವುದಿಲ್ಲ, ಅದು ಬೇರೆ ಮಾತು.

ಕೋಣೆಗೆ ಹೋಗಿ ನೋಡಿದೆ. 20 ಅಡಿಗೆ 15 ಅಡಿ, ಹನ್ನೊಂದೂವರೆ ಅಡಿ ಎತ್ತರ. ರೇಡಿಯೇಟರ್ ಎದುರಿನ ಗೋಡೆಯಲ್ಲಿ ಒಂದು ದೊಡ್ಡ ಕಿಂಡಿ. ಅದರಾಚೆ ಮೂರೇ ಅಡಿಗೆ ಕಾಂಪೌಂಡ್ ಗೋಡೆ. ಅದೇ ಕಿಂಡಿಯ ಪಕ್ಕದಲ್ಲಿ ಕಬ್ಬಿಣದ ಬಾಗಿಲು. ಒಳಗೆ ಸೆಕೆ ಎಂದು ವಾಚ್‌ಮನ್ ಅದನ್ನು ಹಾರುಹೊಡೆದು ಇಟ್ಟಿದ್ದ. ಹಿಂದಿನ ಗೋಡೆಯಲ್ಲಿ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಹಿಂಬದಿಗೆ, 18 ಇಂಚಿನ ಒಂದು ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳುತ್ತಿತ್ತು. ಕೋಣೆಗೆ ಗಾಳಿ ಆಡಲು ಏನೇನು ಬೇಕೋ ಎಲ್ಲ ಮಾಡಿದ್ದೇವೆ ಎಂಬುದು ಅವರ ನಂಬಿಕೆ. ಮಾಡಿದ್ದೆಲ್ಲ ಒಂದಕ್ಕೊಂದು ವಿರುದ್ಧವಾಗಿತ್ತು.

ಮೊದಲು ಶಾಖದ ಲೆಕ್ಕ ನೋಡೋಣ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ನಾವು ಬಿಲ್ಲಿನಲ್ಲಿ ನೋಡುತ್ತೇವಲ್ಲ, ಅದೇ ಯೂನಿಟ್. 125 ಕೆವಿಎ ಸೆಟ್ಟು ಪೂರ್ತಿ ಲೋಡಿನಲ್ಲಿ 100 ಕಿಲೋವ್ಯಾಟ್ ಕೊಡುವಾಗ ಗಂಟೆಗೆ 27 ಲೀಟರಿನ ಆಸುಪಾಸು ಕುಡಿಯುತ್ತದೆ. ಅಂದರೆ 270 ಯೂನಿಟ್ ಒಳಗೆ ಹೋಗಿ 100 ಯೂನಿಟ್ ಕರೆಂಟಾಗಿ ಬಂತು. ಉಳಿದದ್ದೆಲ್ಲ ಶಾಖ. ಅದರಲ್ಲಿ ಹತ್ತಿರ ಹತ್ತಿರ 80 ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯ ಜೊತೆ ಹೋಗುತ್ತದೆ, 60ರಷ್ಟು ಕೂಲೆಂಟ್ ಮೂಲಕ ರೇಡಿಯೇಟರಿಗೆ ಬರುತ್ತದೆ, ಇನ್ನೊಂದು 25 ಇಂಜಿನ್ ಮೈಯಿಂದ, ಆಲ್ಟರ್ನೇಟರಿನಿಂದ, ಬಿಸಿ ಕೊಳವೆಯಿಂದ ನೇರವಾಗಿ ಕೋಣೆಯ ಗಾಳಿಗೆ ಸೇರುತ್ತದೆ. ಪ್ರತಿ ಕಂಪನಿಯ ಡೇಟಾ ಶೀಟಿನಲ್ಲೂ ಈ ಮೂರು ಅಂಕಿ ಬೇರೆ ಬೇರೆಯಾಗಿ ಇರುತ್ತವೆ. ಕೆಲಸಕ್ಕೆ ಅವನ್ನೇ ಹಿಡಿಯಬೇಕು, ನನ್ನ ಅಂಕಿಯನ್ನಲ್ಲ, ಇಲ್ಲಿರುವುದು ಅಂದಾಜಿಗೆ.

25 ಕಿಲೋವ್ಯಾಟ್ ಎಂದರೆ ಒಂದು ಕಿಲೋವ್ಯಾಟಿನ ಇಪ್ಪತ್ತೈದು ಕರೆಂಟ್ ಒಲೆಗಳನ್ನು ಒಂದು ಕೋಣೆಯಲ್ಲಿ ಒಟ್ಟಿಗೆ ಹಚ್ಚಿಟ್ಟ ಹಾಗೆ. ಆ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 100 ಕೆಜಿ. ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಗೋಡೆ ಏನನ್ನೂ ಹೀರಿಕೊಳ್ಳುವುದಿಲ್ಲ ಅಂದುಕೊಂಡರೆ, ನಾಲ್ಕು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ರೇಡಿಯೇಟರಿನ 60 ಕೂಡ ಕೋಣೆಯೊಳಗೇ ಉಳಿದರೆ ಸೆಕೆಂಡಿಗೆ ಒಂದು ಡಿಗ್ರಿಗೆ ಸ್ವಲ್ಪ ಕಡಿಮೆ. ಹಾಗಾಗಿ ಇಲ್ಲಿ ಮಾತು ಕೋಣೆಯ ಸೆಕೆಯದಲ್ಲ. ಎಷ್ಟು ಗಾಳಿ ಈ ಕೋಣೆಯನ್ನು ಹಾದುಹೋಗಬೇಕು ಎಂಬುದರದು.

ಆ ಲೆಕ್ಕ ಕಷ್ಟದ್ದಲ್ಲ. ಹೊರಗಿನ ಗಾಳಿ ಇಂಜಿನ್ ಸವರಿಕೊಂಡು ರೇಡಿಯೇಟರ್ ತಲುಪುವಷ್ಟರಲ್ಲಿ 8 ಡಿಗ್ರಿ ಬಿಸಿಯಾಗಲಿ ಎಂದು ಒಪ್ಪಿಕೊಂಡೆವು ಅಂತಿಟ್ಟುಕೊಳ್ಳಿ. ಶಾಖವನ್ನು ಗಾಳಿಯ ಸಾಂದ್ರತೆ, ಅದರ ವಿಶಿಷ್ಟೋಷ್ಣ (ಒಂದು ಕೆಜಿ ಗಾಳಿ ಒಂದು ಡಿಗ್ರಿ ಏರಲು ಬೇಕಾದ ಶಾಖ) ಮತ್ತು ಈ 8 ಡಿಗ್ರಿ, ಮೂರರ ಗುಣಲಬ್ಧದಿಂದ ಭಾಗಿಸಿದರೆ ಗಾಳಿಯ ಪ್ರಮಾಣ ಸಿಗುತ್ತದೆ. ಕ್ಯಾಟಲಾಗುಗಳಲ್ಲಿ ಸಾಂದ್ರತೆ 1.2 ಎಂದು ಬರೆದಿರುತ್ತಾರೆ. ಅದು ಸಮುದ್ರಮಟ್ಟದ ಮಾತು. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿಗೆ ಇಲ್ಲಿ ಒಂದು ಘನ ಮೀಟರ್ ಗಾಳಿ 1.05 ಕೆಜಿ ತೂಗಿದರೆ ಹೆಚ್ಚು. ಫ್ಯಾನು ಎಳೆಯುವುದು ಘನ ಮೀಟರ್ ಲೆಕ್ಕದಲ್ಲಿ, ಶಾಖ ಹೊರುವುದು ಕೆಜಿ ಲೆಕ್ಕದಲ್ಲಿ. ಮಂಗಳೂರಿನಲ್ಲಿ ಸರಿಹೋದ ಡ್ರಾಯಿಂಗನ್ನು ಹಾಗೇ ಇಲ್ಲಿಗೆ ತಂದರೆ ಎತ್ತರದ ಬಾಬ್ತಿಗೇ ನೂರಕ್ಕೆ ಎಂಟೊಂಬತ್ತು ಪಾಲು ಕಡಿಮೆ ಬಿದ್ದಿರುತ್ತದೆ.

25 ಕಿಲೋವ್ಯಾಟನ್ನು ಹಾಗೆ ಭಾಗಿಸಿದರೆ ನಿಮಿಷಕ್ಕೆ 178 ಘನ ಮೀಟರ್ ಬರುತ್ತದೆ. ಇಂಜಿನ್ ಉರಿಯಲು ತಾನೇ ಉಸಿರಾಡುವ ಗಾಳಿ ಇನ್ನೊಂದು 9. ಒಟ್ಟು 187, ಫ್ಯಾನ್ ಅಂಗಡಿಯವರ ಭಾಷೆಯಲ್ಲಿ 6,600 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಉರಿಯಲು ಬೇಕಾದದ್ದು ಬರೀ 9, ತಂಪಿಗೆ ಬೇಕಾದದ್ದು ಅದರ ಇಪ್ಪತ್ತು ಪಟ್ಟು! ‘ಇಂಜಿನ್‌ಗೆ ಉಸಿರಾಡೋಕೆ ಒಂದು ಕಿಟಕಿ ಇದೆಯಲ್ಲ ಸಾರ್’ ಎನ್ನುವವರು ಎಡವುವುದು ಇಲ್ಲೇ. ಆ ಹಿಂದಿನ ಗೋಡೆಯ 18 ಇಂಚಿನ ಫ್ಯಾನು ಅಡ್ಡಿಯೇ ಇಲ್ಲದಿದ್ದರೂ ನಿಮಿಷಕ್ಕೆ 80ರ ಹತ್ತಿರ ಎಳೆದೀತು ಅಷ್ಟೆ.

ಅದು ಸಾಲದು ಎನ್ನುವುದಷ್ಟೇ ಅಲ್ಲ, ಅದು ಶತ್ರು. ರೇಡಿಯೇಟರಿನ ದೊಡ್ಡ ಫ್ಯಾನು ಗಾಳಿಯನ್ನು ಹಿಂದಿನಿಂದ ಎಳೆದು ಮುಂದಕ್ಕೆ ತಳ್ಳುತ್ತಿದೆ. ಇದು ಅದೇ ಗಾಳಿಯನ್ನು ಹಿಂದಕ್ಕೆ ಎಳೆಯುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಗಾದೆಗೆ ಇಷ್ಟು ನಿಖರವಾದ ಚಿತ್ರ ನಾನು ಬೇರೆಲ್ಲೂ ಕಂಡಿಲ್ಲ. ಹಿಂದಿನ ಗೋಡೆಯಲ್ಲಿ ಬೇಕಾಗಿದ್ದದ್ದು ಗಾಳಿ ಒಳಗೆ ಬರುವ ದಾರಿ. ಅಲ್ಲೇ ಹೊರಗೆ ಹೋಗುವ ದಾರಿ ಮಾಡಿದ್ದರು.

ಡಿಜಿ ರೂಮನ್ನು ಕೋಣೆ ಅಂದುಕೊಳ್ಳುವುದೇ ತಪ್ಪು ಎನ್ನುವುದು ನನ್ನ ಮಾತು. ಅದು ದಪ್ಪನೆಯ ಒಂದು ಕೊಳವೆ, ಮಧ್ಯದಲ್ಲಿ ಇಂಜಿನ್ ಕೂತಿದೆ. ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಒಲೆಯ ಬಾಯಲ್ಲಿ ಒಣ ಸಿಪ್ಪೆ ತುರುಕುತ್ತಾರೆ, ಗಾಳಿ ಅದೇ ಬಾಯಿಂದ ನುಗ್ಗುತ್ತದೆ, ಕೊಪ್ಪರಿಗೆಯ ತಳ ಸವರಿಕೊಂಡು ಹಿಂದಿನ ಚಿಮಣಿಯಿಂದ ಮೇಲಕ್ಕೆ ಹೋಗುತ್ತದೆ. ಬಂದ ದಾರಿ ಒಂದು, ಹೋಗುವ ದಾರಿ ಇನ್ನೊಂದು, ನಡುವೆ ಕೆಲಸ. ಚಿಮಣಿಯ ಹೊಗೆ ತಿರುಗಿ ಒಲೆಯ ಬಾಯಿಗೇ ಬಂದರೆ ಬೆಲ್ಲ ಆಗುವುದಿಲ್ಲ. ಜನರೇಟರಿಗೂ ಅಷ್ಟೆ. ಗಾಳಿ ಆಲ್ಟರ್ನೇಟರಿನ ಹಿಂದೆ, ತಗ್ಗಿನಲ್ಲಿ ಒಳಬರಬೇಕು. ಆಲ್ಟರ್ನೇಟರ್, ಇಂಜಿನ್ ದಾಟಿ ರೇಡಿಯೇಟರ್ ಮೂಲಕ ಹೊರಬೀಳಬೇಕು. ಹೊರಬಿದ್ದದ್ದು ಮತ್ತೆ ಒಳಗೆ ಬರಕೂಡದು.

ಆ ಮಂಟಪದಲ್ಲಿ ಕೆಟ್ಟಿದ್ದದ್ದು ಈ ಕೊನೆಯದು. ಹೊರಗೆ 35 ಡಿಗ್ರಿ ಇದ್ದಾಗ ರೇಡಿಯೇಟರಿನ ಬೆನ್ನಿಗೆ ತಾಗುವ ಗಾಳಿ 43, ಅದನ್ನು ದಾಟಿ ಹೊರಬೀಳುವ ಗಾಳಿ 62 ಎಂದು ಲೆಕ್ಕ ಬರುತ್ತದೆ. ಆ 62 ಡಿಗ್ರಿ ಗಾಳಿ ಮೂರಡಿ ದೂರದ ಕಾಂಪೌಂಡಿಗೆ ಬಡಿದು, ಪಕ್ಕದಲ್ಲೇ ತೆರೆದಿದ್ದ ಬಾಗಿಲಿನಿಂದ ಒಳಗೆ ನುಗ್ಗುತ್ತಿತ್ತು. ಹೊರಗೆ ಹೋದದ್ದರಲ್ಲಿ ಕಾಲು ಭಾಗ ವಾಪಸ್ ಬಂದರೂ ರೇಡಿಯೇಟರಿಗೆ ಸಿಗುವ ಗಾಳಿ 52ಕ್ಕೆ ಏರುತ್ತದೆ. ಅರ್ಧ ಬಂದರೆ 70. ಸಾಮಾನ್ಯವಾಗಿ 40 ಅಥವಾ 50 ಡಿಗ್ರಿ ಗಾಳಿಯನ್ನು ನಂಬಿ ರೇಡಿಯೇಟರ್ ಮಾಡಿರುತ್ತಾರೆ, ಕೂಲೆಂಟ್ 100 ಡಿಗ್ರಿಯ ಆಸುಪಾಸಿಗೆ ಬಂದರೆ ಇಂಜಿನ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಸೆಕೆ ಎಂದು ವಾಚ್‌ಮನ್ ತೆರೆದಿಟ್ಟ ಬಾಗಿಲೇ ಅದನ್ನು ನಿಲ್ಲಿಸುತ್ತಿತ್ತು.

ಎಕ್ಸಾಸ್ಟ್ ಫ್ಯಾನ್ ಕಿತ್ತು ಆ ಗೋಡೆಯನ್ನೇ ಒಡೆಸಿ ಲೂವರ್, ಅಂದರೆ ಓರೆ ಪಟ್ಟಿಗಳ ಗಾಳಿಕಿಂಡಿ, ಕೂರಿಸಲು ಹೇಳಿದೆ. ರೇಡಿಯೇಟರಿನಿಂದ ಕಿಂಡಿವರೆಗೆ ಕ್ಯಾನ್ವಾಸ್ ಜೋಡಣೆ ಇರುವ ತಗಡಿನ ಡಕ್ಟ್, ಹೊರಗೆ ಅದು ಕಾಂಪೌಂಡಿಗೆ ಬಡಿಯದಂತೆ ಮೇಲ್ಮುಖವಾಗಿ ತಿರುವು. ಕ್ಯಾನ್ವಾಸ್ ಯಾಕೆಂದರೆ ಇಂಜಿನ್ ನಡುಗುತ್ತದೆ, ಗೋಡೆ ನಡುಗಬಾರದು. ಬಾಗಿಲು ಮುಚ್ಚಿಯೇ ಇರಬೇಕು ಎಂದು ತಾಕೀತು ಮಾಡಿ ಬಂದೆ. ಎರಡು ವಾರ ಬಿಟ್ಟು ವಾಚ್‌ಮನ್ ಫೋನ್ ಮಾಡಿದ: “ಗಾಡಿ ಏನೋ ನಿಲ್ತಾ ಇಲ್ಲ ಸಾರ್. ಆದ್ರೆ ಓಡೋವಾಗ ಬಾಗ್ಲು ತೆಗಿಯಾಕೇ ಆಗಲ್ಲ. ಒಳಗಿಂದ ಯಾರೋ ಎಳ್ಕೊಂಡಂಗೆ ಆಯ್ತದೆ.”

ಹೋಗಿ ನಾನೇ ಎಳೆದು ನೋಡಿದೆ. ಒಂದು ಕೈಯಲ್ಲಿ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಕೆಳಗಿನ ಸಂದಿಗೆ ಒಂದು ಹಳೇ ಲಗ್ನಪತ್ರಿಕೆ ಹೀರಿಕೊಂಡು ಅಂಟಿತ್ತು. ತಪ್ಪು ನನ್ನದೇ. ಸೆಕೆಂಡಿಗೆ 3.1 ಘನ ಮೀಟರ್ ಗಾಳಿ, ಲೂವರಿನಲ್ಲಿ ಸೆಕೆಂಡಿಗೆ 2.5 ಮೀಟರ್ ವೇಗ ಇದ್ದರೆ ಸಾಕೆಂದು 1.25 ಚದರ ಮೀಟರ್ ಎಂದು ಬರೆದುಕೊಟ್ಟಿದ್ದೆ. ಫ್ಯಾಬ್ರಿಕೇಷನ್‌ನವನು ಹೊರಚೌಕಟ್ಟು 1.25 ಚದರ ಮೀಟರ್ ಇರುವ ಲೂವರ್ ಮಾಡಿ ಕೂರಿಸಿದ್ದ. ಲೂವರಿನ ಪಟ್ಟಿಗಳೇ ಅರ್ಧ ಜಾಗ ನುಂಗುತ್ತವೆ, ಇಲಿ ಪಾರಿವಾಳ ಬಾರದಿರಲೆಂದು ಹಾಕುವ ಜಾಲರಿ ಇನ್ನಷ್ಟು. ಗಾಳಿಗೆ ನಿಜವಾಗಿ ಸಿಗುವ ತೆರಪು ಎಂದು ನಾನು ಬಿಡಿಸಿ ಬರೆಯಬೇಕಿತ್ತು. ಬರೆದಿರಲಿಲ್ಲ.

ತೆರಪು ಅರ್ಧವಾದರೆ ವೇಗ ಎರಡು ಪಟ್ಟು, ಅಡ್ಡಿ ನಾಲ್ಕು ಪಟ್ಟು. ವೇಗದ ವರ್ಗಕ್ಕೆ ತಕ್ಕಂತೆ ಒತ್ತಡ ನಷ್ಟವಾಗುತ್ತದೆ. 10 ಪ್ಯಾಸ್ಕಲ್‌ನಲ್ಲಿ ಮುಗಿಯಬೇಕಾದದ್ದು 40 ಆಗಿತ್ತು. 40 ಪ್ಯಾಸ್ಕಲ್ ಎಂದರೆ ಕೇಳಲು ಏನೂ ಅಲ್ಲ, 4 ಮಿಲಿಮೀಟರ್ ನೀರಿನ ಒತ್ತಡ. ಆದರೆ ಎರಡು ಚದರ ಮೀಟರಿನ ಬಾಗಿಲಿನ ಮೇಲೆ ಅದು 8 ಕೆಜಿ ಭಾರ ಹೇರಿದ ಹಾಗೆ. ರೇಡಿಯೇಟರ್ ಫ್ಯಾನಿನ ಶಕ್ತಿಯೂ ಅಷ್ಟಕ್ಕಷ್ಟೆ. ಲೂವರ್, ಡಕ್ಟ್, ತಿರುವು, ಗಾಳಿದಾರಿಯಲ್ಲಿ ಸದ್ದು ತಗ್ಗಿಸಲು ಇಡುವ ಹಲಗೆಗಳು ಎಲ್ಲ ಸೇರಿ ಹತ್ತಿಪ್ಪತ್ತು ಮಿಲಿಮೀಟರ್ ನೀರಿನ ಒತ್ತಡಕ್ಕಿಂತ ಹೆಚ್ಚು ಅಡ್ಡಿ ಇರಕೂಡದೆಂದು ತಯಾರಕರು ಬರೆದಿರುತ್ತಾರೆ. ಮಿತಿ ಮೀರಿದರೆ ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಹೋಗುತ್ತಿರುವುದಿಲ್ಲ. ಕೊನೆಗೆ ಎರಡೂವರೆ ಚದರ ಮೀಟರಿನ ಲೂವರ್ ಬಂತು. ಲೆಕ್ಕ ಹಾಕಲು ಬಿಡುವಿಲ್ಲದವರು ರೇಡಿಯೇಟರ್ ಮುಖದ ಒಂದೂವರೆ ಪಟ್ಟು ಒಳಗಂಡಿ, ಒಂದೂಕಾಲು ಪಟ್ಟು ಹೊರಗಂಡಿ ಎಂಬ ಕೈಲೆಕ್ಕ ಹಿಡಿಯುತ್ತಾರೆ. ಅದು ಕೆಟ್ಟದ್ದಲ್ಲ, ತೆರಪಿನ ಅಳತೆ ಅಂತ ನೆನಪಿದ್ದರೆ.

ಆ ಮೇಲ್ಮುಖದ ತಿರುವಿಗೆ ಇನ್ನೊಂದು ಕಾರಣವೂ ಇತ್ತು. ಆ ಕಿಂಡಿ ಪಶ್ಚಿಮಕ್ಕೆ. ಆಷಾಢದಲ್ಲಿ ಮೈಸೂರಿನ ಗಾಳಿ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಕಿಂಡಿಗೆ ಬಡಿದರೆ ಅದೇ 4 ಮಿಲಿಮೀಟರ್ ನೀರಿನ ಒತ್ತಡವನ್ನು ತಿಂದುಹಾಕುತ್ತದೆ. ಹೊಸದಾಗಿ ಕಟ್ಟುವವರು ಗಾಳಿ ಒಳಬರುವ ಲೂವರನ್ನು ಪಶ್ಚಿಮಕ್ಕೂ ಹೊರಹೋಗುವುದನ್ನು ಪೂರ್ವಕ್ಕೂ ಇಟ್ಟರೆ ಮಳೆಗಾಲದ ಗಾಳಿ ಬಿಟ್ಟಿಯಾಗಿ ಕೆಲಸ ಮಾಡುತ್ತದೆ. ಒಳಗಂಡಿಗೆ ಎರಚಲು ಬೀಳದಂತೆ ನೋಡಿಕೊಂಡರಾಯಿತು. ಸೈಟು ನಾವು ಹೇಳಿದ ಹಾಗೆ ಇರುವುದಿಲ್ಲ, ನಿಜ.

ಇನ್ನು ಸದ್ದು. ಇಲ್ಲಿ ಇಬ್ಬರು ಇಂಜಿನಿಯರುಗಳಿಗೆ ಜಗಳ ಗ್ಯಾರಂಟಿ. ಸದ್ದಿನವನು ಮುಚ್ಚು ಎನ್ನುತ್ತಾನೆ, ಶಾಖದವನು ತೆಗೆ ಎನ್ನುತ್ತಾನೆ. ಕೋಣೆಯೊಳಗಿಡುವ ಸೆಟ್ಟಿಗೆ ಗೋಡೆ, ಬಾಗಿಲು, ಕಿಂಡಿ ಎಲ್ಲ ಸೇರಿ ಕನಿಷ್ಠ 25 ಡೆಸಿಬೆಲ್ ಸದ್ದು ತಗ್ಗಿಸಬೇಕು ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ. ಒಂಬತ್ತಿಂಚು ಗೋಡೆ ಅದನ್ನು ಸುಲಭವಾಗಿ ಮಾಡುತ್ತದೆ. ಸದ್ದು ಸೋರುವುದು ಗಾಳಿಯ ದಾರಿಯಲ್ಲಿ. ಅಲ್ಲಿ ರಾಕ್‌ವೂಲ್ (ಕಲ್ಲಿನ ನಾರು) ತುಂಬಿದ ದಪ್ಪ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಸಂದಿಯಲ್ಲಿ ಗಾಳಿ ಬಿಡುತ್ತಾರೆ. ಹಲಗೆ ದಪ್ಪವಾದಷ್ಟೂ ಸಂದಿ ಕಿರಿದು. ಸಂದಿಯನ್ನು ಹಿಗ್ಗಿಸಿ ಜಗಳ ಬಗೆಹರಿಸಲು ಹೋದರೆ ಸದ್ದು ಸೋರುತ್ತದೆ. ಇಡೀ ಗಂಡಿಯನ್ನೇ ದೊಡ್ಡದು ಮಾಡಿ ಹಲಗೆಗಳ ಸಂಖ್ಯೆ ಹೆಚ್ಚಿಸಿದರೆ ಇಬ್ಬರಿಗೂ ಸಮಾಧಾನ. ಅದಕ್ಕೇ ಈ ಮಾತು ಆರ್ಕಿಟೆಕ್ಟ್ ನಕ್ಷೆ ಬರೆಯುವಾಗಲೇ ಆಗಬೇಕು, ಗೋಡೆ ಎದ್ದಮೇಲಲ್ಲ.

ಹೊಗೆಕೊಳವೆಯ ವಿಚಾರ ಬೇರೆಯೇ ಇದೆ, ಗಾಳಿಗೆ ಸಂಬಂಧಪಟ್ಟಷ್ಟು ಹೇಳುತ್ತೇನೆ. ಪೂರ್ತಿ ಲೋಡಿನಲ್ಲಿ ಹೊಗೆ 450ರಿಂದ 550 ಡಿಗ್ರಿ ಇರುತ್ತದೆ. ಕೋಣೆಯೊಳಗಿನ ಕೊಳವೆಗೆ ರಾಕ್‌ವೂಲ್ ಸುತ್ತಿ ಅಲ್ಯೂಮಿನಿಯಂ ತಗಡು ಹೊದಿಸದಿದ್ದರೆ ಮೇಲೆ ಹೇಳಿದ 25 ಕಿಲೋವ್ಯಾಟ್ ಅಲ್ಲಿಗೇ ನಿಲ್ಲುವುದಿಲ್ಲ. ಸೈಲೆನ್ಸರನ್ನು ಹೊರಗಿಟ್ಟರೆ ಇನ್ನೂ ಒಳ್ಳೆಯದು. ಕೊಳವೆಯ ಎತ್ತರಕ್ಕೂ ನಿಯಮವಿದೆ: ಕೆವಿಎಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿದರೆ ಎಷ್ಟು ಮೀಟರ್ ಬರುತ್ತದೋ ಅಷ್ಟು, ಕಟ್ಟಡದ ಎತ್ತರದ ಮೇಲೆ. 125 ಕೆವಿಎಗೆ ಅದು 2.24 ಮೀಟರ್. ಕೊಳವೆಯನ್ನು ಒಳಗಾಳಿಯ ಲೂವರ್ ಪಕ್ಕ ಬಿಟ್ಟವರನ್ನೂ ನೋಡಿದ್ದೇನೆ. ಇಂಜಿನ್ ತನ್ನ ಹೊಗೆಯನ್ನು ತಾನೇ ಕುಡಿಯುತ್ತದೆ, ಏರ್ ಫಿಲ್ಟರ್ ತಿಂಗಳಲ್ಲಿ ಕಪ್ಪಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಡೀಸೆಲಿನಲ್ಲಿ ಅದು ಕಡಿಮೆ, ಮುಚ್ಚಿದ ಕೋಣೆಯಲ್ಲಿ ಆ ಕಡಿಮೆಯೂ ಸಾಕು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿಯಾಗಿದೆ. ಕೊಳವೆಯ ಜಾಯಿಂಟಿನಲ್ಲಿ ಮಸಿ ಕಂಡರೆ ಅದು ಬರೀ ಕೊಳೆಯಲ್ಲ.

ಇತ್ತೀಚೆಗೆ ಹೆಚ್ಚು ಕಾಣುವ ತಪ್ಪು ಬೇಸ್‌ಮೆಂಟಿನದು. ಕ್ಯಾನೋಪಿ, ಅಂದರೆ ಸದ್ದು ತಡೆಯುವ ತಗಡಿನ ಡಬ್ಬ, ಇರುವ ಸೆಟ್ಟನ್ನು ತಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನ ಮೂಲೆಗೆ ನಿಲ್ಲಿಸುತ್ತಾರೆ. ‘ಡಬ್ಬದಲ್ಲೇ ಎಲ್ಲ ಇದೆ ಸಾರ್’ ಎನ್ನುತ್ತಾರೆ. ಡಬ್ಬ ಮಾಡುವುದು ಬಯಲಲ್ಲಿ ನಿಲ್ಲಿಸಲು. ಅದು ಬಿಸಿಗಾಳಿಯನ್ನು ಡಬ್ಬದಿಂದ ಹೊರಗೆ ಹಾಕುತ್ತದೆ, ಬೇಸ್‌ಮೆಂಟಿನಿಂದ ಹೊರಗೆ ಹಾಕುವುದಿಲ್ಲ. ಅಲ್ಲಿ ಕ್ಯಾನೋಪಿಯ ಬಾಯಿಗೆ ಡಕ್ಟ್ ಕಟ್ಟಿ ನೆಲದ ಮೇಲಕ್ಕೆ ಒಯ್ಯಬೇಕು, ಹೊಸ ಗಾಳಿ ತುಂಬಲು ಬೇರೆ ಫ್ಯಾನ್ ಬೇಕು, ಆ ಫ್ಯಾನಿನ ವೈರು ಜನರೇಟರಿನ ಕಡೆಯ ಬೋರ್ಡಿನಿಂದಲೇ ಬರಬೇಕು. ಕರೆಂಟ್ ಹೋದಾಗಲೇ ಅಲ್ಲವೇ ಅದು ತಿರುಗಬೇಕಾದದ್ದು! ಮೆಸ್ಕಾಂ ಆಗಲಿ ನಮ್ಮ ಸೆಸ್ಕ್ ಆಗಲಿ, ಮೇನ್ ಲೈನಿಗೆ ಕಟ್ಟಿದ ಗಾಳಿ ಫ್ಯಾನು ಬೇಕಾದ ಹೊತ್ತಿಗೆ ಸತ್ತಿರುತ್ತದೆ. ಮಂಡ್ಯದ ಅಕ್ಕಿ ಗಿರಣಿಗಳಲ್ಲಿ ಇನ್ನೊಂದು ಕಾಟ, ಭತ್ತದ ಹೊಟ್ಟು. ಒಳಗಂಡಿಗೆ ಫಿಲ್ಟರ್ ಹಾಕಿದರೆ ಫಿಲ್ಟರ್ ಕಟ್ಟುತ್ತದೆ, ಹಾಕದಿದ್ದರೆ ರೇಡಿಯೇಟರ್ ಕಟ್ಟುತ್ತದೆ. ಎರಡರಲ್ಲಿ ಬಿಚ್ಚಿ ಕೊಡವಲು ಸುಲಭವಾದದ್ದು ಫಿಲ್ಟರ್.

ಹೊಸದಾಗಿ ಮಾಡಿದ ಕೋಣೆ ಸರಿಯಿದೆಯೇ ಎಂದು ನೋಡಲು ದುಬಾರಿ ಮೀಟರ್ ಬೇಕಿಲ್ಲ. ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ ಥರ್ಮಾಮೀಟರನ್ನು ರೇಡಿಯೇಟರಿನ ಒಳಬದಿಯ ನಾಲ್ಕೂ ಮೂಲೆಗೆ ಹಿಡಿಯಿರಿ. ಕೈ, ಅಂಗಿಯ ತೋಳು ಫ್ಯಾನಿನಿಂದ ದೂರವಿರಲಿ. ಹೊರಗಿನ ಉಷ್ಣತೆಗಿಂತ ಎಂಟು ಹತ್ತು ಡಿಗ್ರಿ ಹೆಚ್ಚಿದ್ದರೆ ಸರಿ. ಒಂದು ಮೂಲೆಯಲ್ಲಿ ಮಾತ್ರ ಹೆಚ್ಚಿದ್ದರೆ ಅಲ್ಲೇ ಎಲ್ಲೋ ಬಿಸಿಗಾಳಿ ನುಸುಳುತ್ತಿದೆ, ಡಕ್ಟಿನ ಸಂದಿ ಹುಡುಕಬೇಕು. ಗಾಳಿಯ ದಿಕ್ಕು ನೋಡಲು ನಾನು ಕೋಲಿನ ತುದಿಗೆ ಕಟ್ಟಿದ ಉಲ್ಲನ್ ದಾರ ಹಿಡಿಯುತ್ತೇನೆ. ಊದುಬತ್ತಿಯ ಊರಿನವನಾಗಿ ಊದುಬತ್ತಿಯ ಹೊಗೆ ನೋಡಬಹುದಲ್ಲ ಎಂದು ಸ್ನೇಹಿತರು ರೇಗಿಸುತ್ತಾರೆ, ಡೀಸೆಲ್ ಟ್ಯಾಂಕಿನ ಪಕ್ಕ ನಾನು ಬೆಂಕಿ ಹಚ್ಚುವುದಿಲ್ಲ. ಇಂಜಿನ್ ನಿಂತಮೇಲೂ ಒಂದು ಕೆಲಸ ಉಳಿದಿರುತ್ತದೆ. ಫ್ಯಾನ್ ನಿಂತಿತು, ಟನ್ನುಗಟ್ಟಲೆ ಕಬ್ಬಿಣ ಇನ್ನೂ ಬಿಸಿಯಾಗಿದೆ. ಸೂರಿನ ಹತ್ತಿರ ಒಂದು ಸಣ್ಣ ಫ್ಯಾನ್ ಇನ್ನೊಂದು ಕಾಲು ಗಂಟೆ ತಿರುಗುತ್ತಿದ್ದರೆ ಬ್ಯಾಟರಿಗೂ ಕಂಟ್ರೋಲ್ ಪ್ಯಾನಲ್ಲಿಗೂ ಆಯುಸ್ಸು.

ಆ ಮಂಟಪದಲ್ಲಿ ಮೊದಲ ವರ್ಷ ಒಳಬದಿಯ ಉಷ್ಣತೆ ಹೊರಗಿಗಿಂತ 8 ಡಿಗ್ರಿ ಹೆಚ್ಚು, ಲೆಕ್ಕ ಹೇಳಿದಷ್ಟೇ. ಮರುವರ್ಷ ನೋಡಿದರೆ 14. ಜಾಲರಿ ಶುಭ್ರವಾಗಿತ್ತು, ಪಾರಿವಾಳ ಗೂಡು ಕಟ್ಟಿರಲಿಲ್ಲ. ಹಿಂದಕ್ಕೆ ಹೋಗಿ ನೋಡಿದೆ. ಅಡುಗೆ ಕಂಟ್ರಾಕ್ಟಿನವರು ಎರಡೂವರೆ ಚದರ ಮೀಟರಿನ ಲೂವರಿಗೆ ಒರಗಿಸಿ ಮಡಚಿದ ಕುರ್ಚಿಗಳನ್ನು ಎದೆಮಟ್ಟ ಜೋಡಿಸಿದ್ದರು, ಅದರ ಮೇಲೆ ಬಾಳೆಎಲೆ ಕಂತೆ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಎಲೆ ಬಾಡುವುದಿಲ್ಲ ಎಂದರು. ಈಗ ಲೂವರಿನಿಂದ ಒಂದು ಮೀಟರ್ ಆಚೆ ಕಬ್ಬಿಣದ ಬೇಲಿ ಇದೆ.